ಇಮೇಲ್‌ನಿಂದ ಫ್ಯಾಕ್ಸ್: ಪುಟ, ವಿಳಾಸ, ರಸೀದಿ

ಮನೆಯಲ್ಲಿ ಫ್ಯಾಕ್ಸ್ ಮಷಿನ್ ಇಲ್ಲ, ಫೋನ್ ಲೈನೂ ಇಲ್ಲ. ಆ ಕಡೆಯವರು ಮಾತ್ರ ‘ಫ್ಯಾಕ್ಸ್ ಮಾಡಿ’ ಅಂತ ಪಟ್ಟು ಹಿಡಿದಿದ್ದಾರೆ. ಆಗ ಇಮೇಲ್ ಕೈ ಹಿಡಿಯುತ್ತದೆ. ನೀವು ಕಳಿಸಿದ ಮೇಲ್ ಗೇಟ್‌ವೇ ಎಂಬ ಕಂಪ್ಯೂಟರಿಗೆ ಹೋಗುತ್ತದೆ. ಅದು ಲಗತ್ತು ಬಿಚ್ಚಿ, ಫೋನ್ ನಂಬರಿಗೆ ಡಯಲ್ ಮಾಡಿ, ಪುಟಗಳನ್ನು ಆ ಕಡೆಯ ಮಷಿನ್‌ಗೆ ದಾಟಿಸುತ್ತದೆ. ಇದಕ್ಕೆ 1998ರಲ್ಲೇ ನಿಯಮ ಬರೆದಿಟ್ಟಿದ್ದಾರೆ. ಇಂಟರ್ನೆಟ್‌ನವರದ್ದು ಆರ್‌ಎಫ್‌ಸಿ 2305 (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ನಿಯಮಗಳನ್ನು ಬರೆದಿಡುವ ನಂಬರ್ ಹಾಕಿದ ದಾಖಲೆ), ದೂರಸಂಪರ್ಕದವರದ್ದು ಐಟಿಯು ಎಂಬ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಟಿ.37. ಜಗಳವೇನಿಲ್ಲ, ಟಿ.37 ಆರ್‌ಎಫ್‌ಸಿಗಳನ್ನೇ ನೆಚ್ಚಿಕೊಂಡಿದೆ. 2305ರ ಜಾಗಕ್ಕೆ 2004ರಲ್ಲಿ 3965 ಬಂತು.

ಮೊದಲ ಹೆಜ್ಜೆ: ಪುಟ

ಜಾಸ್ತಿ ಜನ ಎಡವುವುದು ಇಲ್ಲೇ. ಒಮ್ಮೆ ನಾನು ತಿಳಿ ಬೂದು ಹಿನ್ನೆಲೆಯ ಒಂದು ಫಾರ್ಮ್ ಕಳಿಸಿದ್ದೆ. ಸ್ಕ್ರೀನ್ ಮೇಲೆ ಚೆನ್ನಾಗೇ ಕಾಣುತ್ತಿತ್ತು. ಆ ಕಡೆ ಬಿದ್ದಿದ್ದು ಸಾಸಿವೆ ಚೆಲ್ಲಿದಂಥ ಕಾಗದ, ನನ್ನ ಸಹಿ ಅದರಲ್ಲಿ ಎಲ್ಲೋ ಕಳೆದುಹೋಗಿತ್ತು.

ಯಾಕೆ ಹೀಗೆ? ಎಲ್ಲ ಮಷಿನ್‌ಗೂ ಅರ್ಥವಾಗುವ ಕನಿಷ್ಠ ರೂಪ ‘ಪ್ರೊಫೈಲ್ ಎಸ್’ ಎಂಬ ಟಿಫ್ ಫೈಲ್ (ಟಿಫ್ ಅಂದರೆ ಒಂದು ಬಗೆಯ ಚಿತ್ರದ ಫೈಲ್). ಅದರಲ್ಲಿ ಕಪ್ಪು, ಬಿಳಿ ಎರಡೇ. ಬೂದು ಅನ್ನುವುದೇ ಇಲ್ಲ. ಎ4 ಹಾಳೆಯ ಒಂದು ಸಾಲಿಗೆ 1728 ಚುಕ್ಕಿ. ಎಷ್ಟು ಚುಕ್ಕಿ ಬಿಳಿ, ಆಮೇಲೆ ಎಷ್ಟು ಕಪ್ಪು ಅಂತ ಎಣಿಸಿ, ಆ ಎಣಿಕೆಗೆ ಒಂದು ಪುಟ್ಟ ಕೋಡ್ ಕೊಡುತ್ತಾರೆ. ಪೂರ್ತಿ ಖಾಲಿ ಸಾಲಾದರೆ 1728 ಚುಕ್ಕಿಗೆ ಬರೀ 17 ಬಿಟ್ (ಸೊನ್ನೆ ಅಥವಾ ಒಂದು ಅನ್ನುವ ಅಂಕಿ) ಸಾಕು. ಬೂದು ಬಣ್ಣ ತೋರಿಸಲು ಒಂದು ಬಿಳಿ, ಒಂದು ಕಪ್ಪು ಅಂತ ಚುಕ್ಕಿ ಹಾಕುತ್ತಾ ಹೋದರೆ? ಒಂಟಿ ಬಿಳಿ ಚುಕ್ಕಿಗೆ 6 ಬಿಟ್, ಒಂಟಿ ಕಪ್ಪಿಗೆ 3. ಅದೇ ಸಾಲು 7776 ಬಿಟ್ ತಿನ್ನುತ್ತದೆ. ಕೋಡೇ ಇಲ್ಲದೆ ಚುಕ್ಕಿಗೊಂದು ಬಿಟ್ ಇಟ್ಟಿದ್ದರೂ 1728 ಸಾಕಿತ್ತು. ಕುಗ್ಗಿಸಲು ಹೋಗಿ ನಾಲ್ಕೂವರೆ ಪಟ್ಟು ಹಿಗ್ಗಿಸಿದಂತಾಯಿತು ಅಲ್ವಾ?

ಹಾಗಾಗಿ ಸ್ಕ್ಯಾನ್ ಮಾಡುವಾಗ ಕಪ್ಪು-ಬಿಳುಪು ಆರಿಸಿ, ಹಿನ್ನೆಲೆ ಪೂರ್ತಿ ಬಿಳಿ ಮಾಡಿ, ಸಹಿಗೆ ಕಪ್ಪು ಪೆನ್ನೇ ಬಳಸಿ. ಸಣ್ಣ ಅಕ್ಷರ ಇದ್ದರೆ ‘ಫೈನ್’ ಇಡಿ. ಮಾಮೂಲಿ ಫ್ಯಾಕ್ಸ್‌ನಲ್ಲಿ ಅಡ್ಡಕ್ಕೆ ಇಂಚಿಗೆ 204 ಚುಕ್ಕಿ ಇದ್ದರೂ ಉದ್ದಕ್ಕೆ ಇರುವುದು 98 ಸಾಲು ಮಾತ್ರ, ಫೈನ್‌ನಲ್ಲಿ 196. ಈ ವ್ಯತ್ಯಾಸ ತಿಳಿಯದ ಸಾಫ್ಟ್‌ವೇರ್‌ನಲ್ಲಿ ಮಾಮೂಲಿ ಫ್ಯಾಕ್ಸ್ ತೆರೆದರೆ ಅಕ್ಷರಗಳನ್ನು ಯಾರೋ ಮೇಲಿಂದ ಅದುಮಿದಂತೆ ಕುಳ್ಳಗೆ ಕಾಣುತ್ತವೆ. ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ಇಂದು ಬಹಳಷ್ಟು ಸೇವೆಗಳು ಪಿಡಿಎಫ್ ತೆಗೆದುಕೊಂಡು ತಾವೇ ಟಿಫ್ ಮಾಡಿಕೊಳ್ಳುತ್ತವೆ. ಆದರೂ ಬೂದು ಬೂದೇ.

ಎರಡನೇ ಹೆಜ್ಜೆ: ವಿಳಾಸ

ನಿಯಮದ ಪ್ರಕಾರ ಮೊದಲು ಇಂಗ್ಲಿಷಿನ ಎಫ್, ಎ, ಎಕ್ಸ್ ಅಕ್ಷರಗಳು, ಅದಕ್ಕಂಟಿ ಸಮ ಚಿಹ್ನೆ, ಪ್ಲಸ್, ದೇಶದ ಕೋಡ್ ಸಮೇತ ಪೂರ್ತಿ ನಂಬರ್. ಆಮೇಲೆ @, ಕೊನೆಗೆ ಗೇಟ್‌ವೇ ಹೆಸರು. ನಡುವೆ ಜಾಗ ಬಿಡಬೇಡಿ. ನಿಮ್ಮ ಊರಲ್ಲಿ ಹಾಕುವ ಮುಂದಿನ ಸೊನ್ನೆಯೂ ಬೇಡ. ಗೇಟ್‌ವೇ ಯಾವ ದೇಶದಲ್ಲಿ ಕೂತಿದೆಯೋ ಯಾರಿಗೆ ಗೊತ್ತು. ಎಷ್ಟೋ ಸೇವೆಗಳಿಗೆ ಬರೀ ನಂಬರ್ ಸಾಕು, ಅವರ ಸಹಾಯ ಪುಟ ಒಮ್ಮೆ ನೋಡಿಕೊಳ್ಳಿ.

ಇದಕ್ಕೂ ಮುಂಚೆ, 1993ರಲ್ಲಿ ಕಾರ್ಲ್ ಮಲಮುಡ್ ಮತ್ತು ಮಾರ್ಷಲ್ ರೋಸ್ ಎಂಬ ಇಂಟರ್ನೆಟ್ ತಜ್ಞರು ಒಂದು ಪ್ರಯೋಗ ಮಾಡಿದ್ದರು. ಅದರಲ್ಲಿ ಫೋನ್ ನಂಬರನ್ನು ಹಿಂದುಮುಂದಾಗಿ, ಒಂದೊಂದು ಅಂಕಿಗೂ ಚುಕ್ಕಿ ಇಟ್ಟು ಬರೆಯಬೇಕಿತ್ತು. ಇಂಟರ್ನೆಟ್ ಹೆಸರುಗಳಲ್ಲಿ ದೊಡ್ಡ ಗುಂಪು (.in ಥರದ್ದು) ಕೊನೆಗೆ ಬರುತ್ತದಲ್ಲ, ಅದೇ ಲೆಕ್ಕ. ಜಾಣತನವೇ, ಆದರೆ ಬರೆಯುವವರ ಪಾಡು!

ಮೂರನೇ ಹೆಜ್ಜೆ: ಕಳಿಸುವುದು

ಫೈಲ್ ಲಗತ್ತಿಸಿ, ಕಳಿಸಿ. ಮೇಲ್‌ಗಾಗಿ ಕೋಡ್ ಮಾಡಿದಾಗ ಲಗತ್ತು ಮೂರರಲ್ಲೊಂದು ಪಾಲು ದಪ್ಪವಾಗುತ್ತದೆ, ಸೇವೆಯ ಗಾತ್ರದ ಮಿತಿ ನೆನಪಿರಲಿ. ಮೇಲ್ ಕೊನೆಯ ಹೆಸರು-ಹುದ್ದೆ-ಲೋಗೋ ಸಾಲುಗಳನ್ನು ಅಳಿಸಿಬಿಡಿ. ಕೆಲವು ಗೇಟ್‌ವೇಗಳು ಅದನ್ನೂ ಒಂದು ಪುಟ ಮಾಡಿ ಕಳಿಸುತ್ತವೆ.

ಕೊನೆಯದು: ರಸೀದಿ

ಹಳೇ ಫ್ಯಾಕ್ಸ್‌ನಲ್ಲಿ ಪ್ರತಿ ಪುಟ ಮುಗಿದಾಗಲೂ ಆ ಕಡೆಯ ಮಷಿನ್ ಅದೇ ಕರೆಯಲ್ಲಿ ‘ಬಂತು’ ಅನ್ನುತ್ತದೆ. ಇಮೇಲ್ ಹಾಗಲ್ಲ. ನಿಮ್ಮ ‘ಸೆಂಟ್’ ಪೆಟ್ಟಿಗೆಯಲ್ಲಿ ಇದೆ ಅಂದರೆ ನೀವು ಕಳಿಸಿದಿರಿ ಅಂತಷ್ಟೇ; ಗೇಟ್‌ವೇ ಇನ್ನೂ ಡಯಲ್ ಮಾಡೇ ಇಲ್ಲದಿರಬಹುದು. ಮೊದಲ ನಿಯಮದಲ್ಲಿ ತಲುಪಿದ್ದಕ್ಕೆ ರಸೀದಿಯ ಏರ್ಪಾಡೇ ಇರಲಿಲ್ಲ. 1999ರ ಆರ್‌ಎಫ್‌ಸಿ 2532 ಅದನ್ನು ಸೇರಿಸಿತು.

ಹಾಗಾಗಿ ಯಾರೂ ತೆರೆದು ನೋಡದ ಐಡಿಯಿಂದ ಫ್ಯಾಕ್ಸ್ ಕಳಿಸಬೇಡಿ. ಲೈನ್ ಬ್ಯುಸಿ ಇದ್ದರೂ, ಆ ಕಡೆ ಕಾಗದ ಮುಗಿದಿದ್ದರೂ ದೂರು ಬರುವುದು ಅದೇ ವಿಳಾಸಕ್ಕೆ. ಸೇವೆಯ ಸೆಟ್ಟಿಂಗ್‌ನಲ್ಲಿ ತಲುಪಿದ ವರದಿ ಆನ್ ಮಾಡಿ. ವರದಿ ಬಂದಾಗ ‘ಯಶಸ್ವಿ’ ಅನ್ನುವ ಪದ ನೋಡಿ ಸುಮ್ನೆ ಮುಚ್ಚಬೇಡಿ, ಪುಟಗಳ ಲೆಕ್ಕ ನೋಡಿ. ನೀವು ಕಳಿಸಿದ್ದು ಐದು, ಅಲ್ಲಿ ನಾಲ್ಕು ಅಂತಿದ್ದರೆ ಆ ಕಡೆಯವರಿಗೆ ಒಂದು ಫೋನ್ ಮಾಡಿ, ಯಾವ ಪುಟ ಬಂದಿಲ್ಲ ಅಂತ ಕೇಳಿ, ಅದೊಂದನ್ನೇ ಮತ್ತೆ ಕಳಿಸಿ.