ಟೋಕನ್ ಕರೆಯುವಷ್ಟರಲ್ಲಿ: ಫೋನಿನಲ್ಲಿ ಕನ್ನಡ ಕಾಗುಣಿತ ತಿದ್ದಿಕೊಳ್ಳುವ ಬಗೆ

ಆಸ್ಪತ್ರೆಯಲ್ಲಿ ಕೈಗೆ ಬಂದ ಟೋಕನ್ 47, ಒಳಗೆ ಕರೆಯುತ್ತಿರುವುದು 19. ನಾಡಕಚೇರಿಯಲ್ಲಿ ಸರ್ವರ್ ಡೌನ್. ಬಸ್ಸು ಇನ್ನೂ ಡಿಪೋ ಬಿಟ್ಟಿಲ್ಲ. ಇಂಥ ಹೊತ್ತಿನಲ್ಲಿ ಫೋನಂತೂ ಕೈಯಲ್ಲೇ ಇರುತ್ತದೆ. ಶಾಲೆ ಬಿಟ್ಟಮೇಲೆ ಪೆನ್ನು ಹಿಡಿಯದೆ ‘ಸಂಬಂಧ’ವೋ ‘ಸಂಭಂದ’ವೋ ಎಂದು ತಡವರಿಸುವವರು, ಕಡ್ಡಾಯ ಕನ್ನಡ ಪತ್ರಿಕೆಗೆ ಓದುತ್ತಿರುವವರು, ಹೊರನಾಡಿನಲ್ಲಿ ಬೆಳೆದು ಮಾತು ಬಂದರೂ ಬರಹ ಬಾರದವರು ಈ ಬಿಡಿ ಬಿಡಿ ಹತ್ತು ನಿಮಿಷಗಳನ್ನು ಕಾಗುಣಿತಕ್ಕೆ ಬಳಸಿಕೊಳ್ಳಬಹುದು. ಆದರೆ ಫೋನು ಈಗಿರುವ ಹಾಗೇ ಇದ್ದರೆ ಪ್ರಯೋಜನವಿಲ್ಲ. ನೀವು ಬರೆಯುತ್ತಿದ್ದೀರಿ ಅಂದುಕೊಂಡಿದ್ದನ್ನು ಅದೇ ಬರೆಯುತ್ತಿರುತ್ತದೆ.

ಮೊದಲು ಫೋನಿನ ಸಹಾಯ ನಿಲ್ಲಿಸಿ

ಬಹಳ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ. ಎಬಿಸಿಯಲ್ಲಿ ‘ವಿದ್ಯಾರ್ಥಿ’ ಅಂತ ಹೇಗೋ ಒತ್ತಿದರೆ ಮೇಲಿನ ಪಟ್ಟಿಯಲ್ಲಿ ಸರಿಯಾದ ಪದ ಬಂದು ಕೂರುತ್ತದೆ. ದಕಾರವೋ ಧಕಾರವೋ, ಥ ಎಲ್ಲಿ ಬರಬೇಕು, ಯಾವುದಕ್ಕೆ ದೀರ್ಘ ಎಂಬುದನ್ನೆಲ್ಲ ತೀರ್ಮಾನಿಸಿದ್ದು ಯಂತ್ರ. ಸಂದೇಶ ಕಳಿಸಲು ಇದು ಒಳ್ಳೆಯದೇ. ಕಾಗುಣಿತದ ಅಭ್ಯಾಸಕ್ಕೆ ಮಾತ್ರ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನ ಕೀಲಿಮಣೆ ಜಿಬೋರ್ಡ್ ಇದ್ದರೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ, ಲ್ಯಾಂಗ್ವೇಜಸ್‌ನಲ್ಲಿ ಆ್ಯಡ್ ಕೀಬೋರ್ಡ್ ಒತ್ತಿ, ಕನ್ನಡ ಆರಿಸಿ. ಅಲ್ಲಿ ಎಬಿಸಿಯಿಂದ ಕನ್ನಡಕ್ಕೆ ತಿರುಗಿಸುವುದು, ಬೆರಳಿನಲ್ಲಿ ಬರೆಯುವುದು, ಕನ್ನಡ ಅಕ್ಷರಗಳೇ ಇರುವುದು ಎಂಬ ಬಗೆಗಳಿರುತ್ತವೆ. ಕನ್ನಡ ಅಕ್ಷರಗಳೇ ಇರುವುದನ್ನು ಸೇರಿಸಿಕೊಳ್ಳಿ. ಹಳೆಯದನ್ನು ತೆಗೆಯಬೇಕಿಲ್ಲ. ಸ್ಪೇಸ್‌ಬಾರನ್ನು ಒತ್ತಿ ಹಿಡಿದರೆ ಒಂದರಿಂದ ಇನ್ನೊಂದಕ್ಕೆ ಬದಲಿಸಬಹುದು. ಆಮೇಲೆ ಕರೆಕ್ಷನ್ಸ್ ಆ್ಯಂಡ್ ಸಜೆಷನ್ಸ್ (ಹಳೆಯ ಆವೃತ್ತಿಯಲ್ಲಿ ಟೆಕ್ಸ್ಟ್ ಕರೆಕ್ಷನ್) ವಿಭಾಗದಲ್ಲಿ ಆಟೋ ಕರೆಕ್ಷನ್ ಮತ್ತು ಸಲಹೆಯ ಪಟ್ಟಿ ಎರಡನ್ನೂ ಆಫ್ ಮಾಡಿ. ಅಭ್ಯಾಸ ಮುಗಿದಮೇಲೆ ಆನ್ ಮಾಡಿಕೊಂಡರಾಯಿತು. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್ ದಾರಿ ಹಿಡಿದರೆ ಇವೇ ಗುಂಡಿಗಳು ಸಿಗುತ್ತವೆ.

ಇನ್ನೊಂದು ತೊಂದರೆ ಸದ್ದಿಲ್ಲದೆ ನಡೆಯುತ್ತದೆ. ಒಂದೇ ತಪ್ಪನ್ನು ಮತ್ತೆ ಮತ್ತೆ ಒತ್ತಿದರೆ ಕೀಲಿಮಣೆ ಅದನ್ನೇ ಕಲಿತು, ಮುಂದೆ ಅದನ್ನೇ ಸಲಹೆಯಾಗಿ ಕೊಡುತ್ತದೆ. ಪಟ್ಟಿಯಲ್ಲಿ ‘ಶುಭಾಷಯ’ ಕಾಣಿಸಿದರೆ ಆ ಪದವನ್ನು ಒತ್ತಿ ಹಿಡಿದು, ಮೇಲೆ ಮೂಡುವ ಕಸದ ಬುಟ್ಟಿಗೆ ಎಳೆದು ಹಾಕಿ.

ಕೈ ಕೂರುವ ತನಕ

ಕನ್ನಡ ಕೀಲಿಮಣೆಯಲ್ಲಿ ಮೊದಲ ಎರಡು ಮೂರು ದಿನ ಅಕ್ಷರ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಮಹಾಪ್ರಾಣಗಳು ಎರಡನೇ ಪುಟದಲ್ಲೋ, ಒತ್ತಿ ಹಿಡಿದರೆ ಬರುವ ಜಾಗದಲ್ಲೋ ಇರುತ್ತವೆ. ಫೋನಿನಿಂದ ಫೋನಿಗೆ ಬೇರೆ. ಎಲ್ಲ ಕಡೆ ಒಂದೇ ಆಗಿರುವುದು ಒತ್ತಕ್ಷರದ ಲೆಕ್ಕ: ಮೊದಲ ವ್ಯಂಜನ, ಆಮೇಲೆ ಅರ್ಧಾಕ್ಷರದ ಗುರುತು ( ್ ), ಆಮೇಲೆ ಒತ್ತಾಗಬೇಕಾದ ವ್ಯಂಜನ, ಕೊನೆಗೆ ಸ್ವರ. ‘ವಿದ್ಯಾರ್ಥಿ’ ಎಂಬುದು ಕಾಗದದ ಮೇಲೆ ಮೂರೇ ಅಕ್ಷರ. ಫೋನಿಗೆ ಅದು ವ, ಇಕಾರ, ದ, ಅರ್ಧ, ಯ, ಆಕಾರ, ರ, ಅರ್ಧ, ಥ, ಇಕಾರ ಎಂದು ಹತ್ತು ಒತ್ತು. ಒಂದೊಂದಕ್ಕೂ ಬೆರಳು ನಿಂತು ಯೋಚಿಸಬೇಕು. ಅಭ್ಯಾಸವಾಗುವುದೇ ಈ ನಿಲ್ಲುವಿಕೆಯಿಂದ.

ಅರ್ಕಾವತ್ತಿನಲ್ಲಿ ಹೊಸಬರು ಎಡವುತ್ತಾರೆ. ‘ಸೂರ್ಯ’ದಲ್ಲಿ ಕಣ್ಣಿಗೆ ಯಕಾರ ಮೊದಲು, ಅರ್ಕಾವತ್ತು ಆಮೇಲೆ. ಅದನ್ನೇ ನಂಬಿ ಯ ಮೊದಲು ಒತ್ತಿದರೆ ‘ಸೂಯ್ರ’ ಆಗುತ್ತದೆ. ಬಾಯಲ್ಲಿ ಹೇಳಿದ ಕ್ರಮದಲ್ಲೇ ಒತ್ತಬೇಕು: ರ, ಅರ್ಧ, ಯ. ‘ರ‍್ಯಾಂಕ್’ ಎಂಬಂಥ ಪದಗಳಲ್ಲಿ ಮಾತ್ರ ರಕಾರ ಪೂರ್ತಿಯಾಗಿ ಉಳಿದು ಯ ಒತ್ತಾಗಬೇಕು. ಅದಕ್ಕೆ ರ ಆದಮೇಲೆ ಕಣ್ಣಿಗೆ ಕಾಣದ, ಜೋಡಿಸುವ ಒಂದು ಗುರುತು ಬೇಕು. ಅದಿಲ್ಲದ ಕೀಲಿಮಣೆಯಾದರೆ ತಲೆ ಕೆಡಿಸಿಕೊಳ್ಳದೆ ಮುಂದೆ ಹೋಗಿ.

ಸೊನ್ನೆಯ ವಿಷಯಕ್ಕೂ ಎಚ್ಚರ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುವವರು ಬೇಕಾದಷ್ಟಿದ್ದಾರೆ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಎರಡೂ ಒಂದೇ ಥರ ಕಾಣುತ್ತವೆ, ಎರಡನೆಯದರಲ್ಲಿ ಇರುವುದು ಅಂಕಿ. ಆ ರೂಪದಲ್ಲಿ ಹುಡುಕಿದರೆ ನಿಘಂಟಿನಲ್ಲಿ ಪದ ಸಿಗುವುದಿಲ್ಲ. ಸರಿಯಾಗಿ ಬರೆದರೂ ಪದವೇ ಇಲ್ಲ ಎಂದು ತೋರಿಸಿದರೆ ಮೊದಲು ಸೊನ್ನೆಯನ್ನು ಅಳಿಸಿ ಮತ್ತೆ ಒತ್ತಿ ನೋಡಿ.

ಅಕ್ಷರದ ಗಾತ್ರವನ್ನೂ ಎರಡು ಹೆಜ್ಜೆ ದೊಡ್ಡದು ಮಾಡಿಕೊಳ್ಳಿ. ದ, ಧ, ಥ ಮೂರಕ್ಕೂ ಇರುವ ವ್ಯತ್ಯಾಸ ಕೆಳಗಿನ ಸೀಳು ಮತ್ತು ಹೊಟ್ಟೆಯ ಚುಕ್ಕೆ ಅಷ್ಟೇ. ಬಿಸಿಲಿನಲ್ಲಿ ಸಣ್ಣ ಅಕ್ಷರದಲ್ಲಿ ಅದು ಕಾಣುವುದೇ ಇಲ್ಲ.

ಶಾಲೆಯ ಉಕ್ತಲೇಖನವೇ, ಆದರೆ ಕಿವಿಯೊಳಗೆ

ಮೇಷ್ಟ್ರು ಹೇಳುವುದು, ಮಕ್ಕಳು ಬರೆಯುವುದು. ಕಾಗುಣಿತಕ್ಕೆ ಇದಕ್ಕಿಂತ ಒಳ್ಳೆಯ ವಿಧಾನ ಬಂದಿಲ್ಲ. ಮನೆಯಲ್ಲಿ ಬಿಡುವಾಗಿದ್ದಾಗ 20 ಪದ ಆರಿಸಿ, ಫೋನಿನ ರೆಕಾರ್ಡರ್‌ನಲ್ಲಿ ಒಂದೊಂದನ್ನೂ ಎರಡು ಸಲ ಹೇಳಿ, ನಡುವೆ ಎಂಟು ಹತ್ತು ಸೆಕೆಂಡು ಮೌನ ಬಿಡಿ. ಒಟ್ಟು ನಾಲ್ಕು ನಿಮಿಷದ ಕಡತವಾಗುತ್ತದೆ. ಸರಿಯುತ್ತರದ ಪಟ್ಟಿಯನ್ನು ನೋಟ್ಸ್ ಆ್ಯಪ್‌ನಲ್ಲಿಡಿ, ಅಥವಾ ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆಯೂ ಎರಡೂ ತೆರೆಯುತ್ತವೆ.

ರೆಕಾರ್ಡ್ ಮಾಡಿದ ದಿನವೇ ಬರೆಯಲು ಕೂರಬೇಡಿ. ಪಟ್ಟಿ ಇನ್ನೂ ಕಣ್ಣಿನಲ್ಲಿರುತ್ತದೆ. ಎರಡು ದಿನ ಕಳೆದು, ಸಾಲಿನಲ್ಲಿ ನಿಂತಾಗ, ಕೇಳಿ ಒತ್ತಿ.

ಹೇಳುವಾಗ ಮಹಾಪ್ರಾಣವನ್ನು ಎದೆಯಾಳದಿಂದ ಎಳೆದು ‘ಅಭ್ಹ್ಯಾಸ’ ಅನ್ನಬೇಡಿ. ಉತ್ತರ ಬಾಯಿ ಬಿಟ್ಟ ಹಾಗಾಗುತ್ತದೆ. ದಿನನಿತ್ಯ ಮಾತಾಡುವಂತೆ ಹೇಳಿ. ಮಾತಿನಲ್ಲಿ ಸವೆದುಹೋದ ಅಕ್ಷರವನ್ನು ನೆನಪಿನಿಂದ ತರುವುದೇ ಪರೀಕ್ಷೆ. ಕಿವಿಗೆ ಹತ್ತಿರ ಕೇಳುವ ಜೋಡಿಗಳಿಗೆ ಮಾತ್ರ ಒಂದು ಸುಳಿವು ಸೇರಿಸಿ: ‘ಬೆಲೆ, ಚಿನ್ನದ ಬೆಲೆ’, ‘ಬೆಳೆ, ಹೊಲದ ಬೆಳೆ’, ‘ಧನ, ಧನಸಹಾಯ’, ‘ದನ, ಕೊಟ್ಟಿಗೆಯ ದನ’. ಬಸ್ ನಿಲ್ದಾಣದ ಗದ್ದಲದಲ್ಲಿ ಸುಳಿವಿಲ್ಲದೆ ಇವು ಗೊತ್ತಾಗುವುದಿಲ್ಲ.

ಯಾವ ಪದಗಳನ್ನು ಆರಿಸಬೇಕು

ಸಿಕ್ಕ ಸಿಕ್ಕ ಕಠಿಣ ಪದ ಬೇಡ. ತಪ್ಪುಗಳು ಗುಂಪು ಗುಂಪಾಗಿ ಬರುತ್ತವೆ. ಒಂದು ಗುಂಪಿನ ಗುಟ್ಟು ಹೊಳೆದರೆ ಹತ್ತಾರು ಪದ ಒಟ್ಟಿಗೆ ಸರಿಹೋಗುತ್ತವೆ.

ಹಕಾರಕ್ಕೆ ಒತ್ತು ಬರುವ ಪದಗಳಿಂದ ಶುರುಮಾಡಿ. ಮಧ್ಯಾಹ್ನ, ಚಿಹ್ನೆ, ಬ್ರಹ್ಮ, ಆಹ್ವಾನ, ಆಹ್ಲಾದ, ಜಿಹ್ವೆ. ಬಾಯಲ್ಲಿ ನಾವೆಲ್ಲ ‘ಮಧ್ಯಾನ್ಹ’, ‘ಚಿನ್ಹೆ’, ‘ಬ್ರಮ್ಹ’ ಎಂದೇ ಹೇಳುವುದು. ಬರಹದಲ್ಲಿ ಹ ಮೇಲೆ, ಇನ್ನೊಂದು ಕೆಳಗೆ. ಮಧ್ಯ ಮತ್ತು ಅಹ್ನ (ಹಗಲು) ಸೇರಿ ಮಧ್ಯಾಹ್ನ ಎಂದು ಬಿಡಿಸಿಕೊಂಡರೆ ಮರೆಯುವುದಿಲ್ಲ. ಒತ್ತುವ ಕ್ರಮ ಹ, ಅರ್ಧ, ನ.

ಯಣ್ ಸಂಧಿಯ ಪದಗಳು ವಿದ್ಯಾವಂತರನ್ನೂ ಬೀಳಿಸುತ್ತವೆ. ಕೋಟಿ, ಅಂತರ ಸೇರಿದರೆ ಕೋಟ್ಯಂತರ, ‘ಕೋಟ್ಯಾಂತರ’ ಅಲ್ಲ. ಜಾತಿ, ಅತೀತ ಸೇರಿದರೆ ಜಾತ್ಯತೀತ. ಈ ತಪ್ಪು ಎಲ್ಲಿಂದ ಬಂತು ಅಂದರೆ ‘ಲಕ್ಷಾಂತರ’ದಿಂದ. ಅಲ್ಲಿ ಲಕ್ಷದ ಅಕಾರಕ್ಕೆ ಅಂತರದ ಅಕಾರ ಸೇರಿ ದೀರ್ಘವಾಯಿತು. ಕೋಟಿಯಲ್ಲಿ ಇರುವುದು ಇಕಾರ, ಅದು ಯಕಾರವಾಗಿ ಮುಗಿಯಿತು, ದೀರ್ಘಕ್ಕೆ ಜಾಗವಿಲ್ಲ. ಇದರ ಪಕ್ಕದಲ್ಲೇ ಅನನುಕೂಲ (‘ಅನಾನುಕೂಲ’ವಲ್ಲ) ಮತ್ತು ಕವಯಿತ್ರಿ (‘ಕವಿಯತ್ರಿ’ಯಲ್ಲ) ಇಟ್ಟುಕೊಳ್ಳಿ.

ಶ, ಷ, ಸ ಗೊಂದಲಕ್ಕೆ ಒಂದು ಸುಲಭ ದಾರಿಯಿದೆ. ಸಂಸ್ಕೃತದಿಂದ ಬಂದ ಪದಗಳಲ್ಲಿ ಒತ್ತಾಗಿ ಟ, ಠ, ಣ ಬಂದರೆ ಮೇಲಿರುವುದು ಷ: ಕಷ್ಟ, ನಿಷ್ಠೆ, ಕೃಷ್ಣ. ಚ ಬಂದರೆ ಶ: ಪಶ್ಚಿಮ, ಆಶ್ಚರ್ಯ, ನಿಶ್ಚಯ. ತ, ಥ ಬಂದರೆ ಸ: ವಿಸ್ತಾರ, ವ್ಯವಸ್ಥೆ. ಒತ್ತಿಲ್ಲದ ಕಡೆ ಪದವನ್ನು ಬಿಡಿಸಬೇಕು. ಶುಭ ಮತ್ತು ಆಶಯ ಸೇರಿದ್ದು ಶುಭಾಶಯ.

ಮಹಾಪ್ರಾಣವೇ ದ್ವಿತ್ವವಾದಂತೆ ಕೇಳುವ ಕಡೆ ಮೇಲಿನದು ಯಾವಾಗಲೂ ಅಲ್ಪಪ್ರಾಣ: ಬುದ್ಧಿ, ಶುದ್ಧ, ಯುದ್ಧ, ಉದ್ಧಾರ. ಎರಡಕ್ಕೂ ಹೊಟ್ಟೆ ಸೀಳುವ ಹಾಗಿಲ್ಲ. ಗದ್ದೆ, ಮುದ್ದು, ಇದ್ದ ಮುಂತಾದ ಅಚ್ಚಗನ್ನಡ ಪದಗಳಿಗೆ ಸೀಳೇ ಬೇಡ. ಮಹಾಪ್ರಾಣ ಬಿಡುವುದರಷ್ಟೇ ಸಾಮಾನ್ಯವಾದ ತಪ್ಪು, ಇಲ್ಲದ ಕಡೆ ಹಾಕುವುದು. ಊರಿನ ಫ್ಲೆಕ್ಸ್‌ಗಳಲ್ಲಿ ಕಾಣುವ ‘ಹಾರ್ಧಿಕ ಶುಭಾಷಯಗಳು’ ಎರಡೇ ಪದದಲ್ಲಿ ಎರಡು ತಪ್ಪು ಹೊತ್ತು ನಿಂತಿರುತ್ತದೆ. ಹೃದಯದ ದಕಾರವೇ ಹಾರ್ದಿಕದಲ್ಲೂ ಇರುವುದು. (ಕನ್ನಡಕ್ಕೆ ಮಹಾಪ್ರಾಣವೇ ಬೇಡ ಎಂದು ವಾದಿಸಿ ತಮ್ಮ ಹೆಸರನ್ನೂ ‘ಬಟ್’ ಎಂದೇ ಬರೆದ ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ ಅವರ ಹೊಸಬರಹ ಬೇರೆಯೇ ಚರ್ಚೆ. ಪರೀಕ್ಷೆಯ ಮೌಲ್ಯಮಾಪಕರು ಆ ಚರ್ಚೆಗೆ ಕೂರುವುದಿಲ್ಲ.)

ಋಕಾರದಲ್ಲಿ ಹೃದಯ, ಸಂಸ್ಕೃತಿ, ದೃಷ್ಟಿ, ಶೃಂಗಾರ ಒಂದು ಕಡೆ. ರ ಒತ್ತಿಗೆ ಉಕಾರ ಸೇರಿದ ಶ್ರುತಿ, ಧ್ರುವ ಇನ್ನೊಂದು ಕಡೆ. ಜಾಗೃತಿ ಎಂದರೆ ಎಚ್ಚೆತ್ತಿರುವುದು, ಜಾಗ್ರತೆ ಎಂದರೆ ಹುಷಾರು. ಪರೀಕ್ಷೆ, ನಿರೀಕ್ಷೆ, ಸಮೀಕ್ಷೆಗೆ ದೀರ್ಘ. ಪರಿಣಾಮ, ಪರಿಹಾರಕ್ಕೆ ಹ್ರಸ್ವ. ಮಾತಿನಲ್ಲಿ ಹಕಾರ ಉದುರಿಸುವ ಕಡೆಯವರು ಹಾಸನ/ಆಸನ, ಹಕ್ಕಿ/ಅಕ್ಕಿ ಥರದ ಐದಾರು ಜೋಡಿ ಸೇರಿಸಿಕೊಳ್ಳಿ. ತತ್ವ ಸರಿಯೋ ತತ್ತ್ವ ಸರಿಯೋ ಎಂಬ ಜಗಳಕ್ಕೆ ಮಾತ್ರ ಹೋಗಬೇಡಿ, ಎರಡೂ ಬಳಕೆಯಲ್ಲಿವೆ.

ತಿದ್ದುವುದು ಯಾರು?

ಪಟ್ಟಿಗೆ ಸೇರಿಸುವ ಮೊದಲೇ ಪದವನ್ನು ನಿಘಂಟಿನಲ್ಲಿ ನೋಡಿ. ವಿ. ಕೃಷ್ಣ ಅವರು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಜಾಲದಲ್ಲಿ ಉಚಿತವಾಗಿದೆ, ಒಂದೂವರೆ ಲಕ್ಷದಷ್ಟು ಕನ್ನಡ ಪದಗಳಿವೆ. ಕರ್ನಾಟಕ ಸರ್ಕಾರದ ಪದಕಣಜದಲ್ಲಿ ಹಲವು ನಿಘಂಟುಗಳನ್ನು ಒಟ್ಟಿಗೆ ಹುಡುಕಬಹುದು. ಹುಡುಕುವಾಗ ವಿಭಕ್ತಿ ಕಳಚಿ: ‘ಪರೀಕ್ಷೆಯಲ್ಲಿ’ ಅಲ್ಲ, ‘ಪರೀಕ್ಷೆ’, ‘ಕೊಟ್ಟರು’ ಅಲ್ಲ, ‘ಕೊಡು’. ಪದ ಸಿಗಲಿಲ್ಲ ಎನ್ನುವವರಲ್ಲಿ ಅನೇಕರು ಪ್ರತ್ಯಯ ಸಮೇತ ಹುಡುಕಿರುತ್ತಾರೆ.

ಗೂಗಲ್‌ನಲ್ಲಿ ಬಂತು, ಹಾಗಾಗಿ ಸರಿ ಅನ್ನುವ ಹಾಗಿಲ್ಲ. ‘ಶುಭಾಷಯ’ ಎಂದು ಹುಡುಕಿದರೂ ಪುಟಗಟ್ಟಲೆ ಬರುತ್ತದೆ. ಧ್ವನಿ ಟೈಪಿಂಗ್‌ ಪರವಾಗಿಲ್ಲ. ನೀವು ಒತ್ತಿ ಮುಗಿಸಿದಮೇಲೆ ಅದೇ ಪದವನ್ನು ಮೈಕಿಗೆ ಹೇಳಿ ಹೋಲಿಸಬಹುದು. ಬಳಕೆಯ ಪದಗಳಿಗೆ ಅದು ನೆಚ್ಚಬಹುದಾದಷ್ಟು ಚೆನ್ನಾಗಿದೆ, ಅಪರೂಪದ ಪದಕ್ಕೆ ಇನ್ನೇನನ್ನೋ ಬರೆದುಬಿಡುತ್ತದೆ. ಕೊನೆಯ ಮಾತು ನಿಘಂಟಿನದು.

ತಪ್ಪಾದ ಪದಗಳಿಗೆ ಒಂದು ಪುಟ ಇಡಿ. ಅದರಲ್ಲಿ ಸರಿರೂಪ ಮಾತ್ರ ಇರಲಿ, ತಪ್ಪು ರೂಪ ಬೇಡ. ನಾಲ್ಕು ಸಲ ನೋಡಿದರೆ ಕಣ್ಣು ಅದನ್ನೂ ಸರಿ ಎಂದೇ ಇಟ್ಟುಕೊಳ್ಳುತ್ತದೆ. (ಇಲ್ಲಿ ತೋರಿಸಿದ್ದು ವಿವರಣೆಗೆ ಬೇಕಿತ್ತೆಂದು.) ಪಕ್ಕದಲ್ಲಿ ಕಾರಣಕ್ಕೆ ಒಂದಕ್ಷರ: ಮಹಾಪ್ರಾಣಕ್ಕೆ ‘ಮ’, ದೀರ್ಘಕ್ಕೆ ‘ದೀ’, ಶ–ಷಕ್ಕೆ ‘ಶ’, ಸಂಧಿಗೆ ‘ಸಂ’. ಎರಡು ವಾರದಲ್ಲಿ ಯಾವ ಅಕ್ಷರ ತುಂಬಿದೆಯೋ ಮುಂದಿನ 20 ಪದ ಆ ಗುಂಪಿನಿಂದಲೇ ಬರಲಿ.

ಇಷ್ಟೆಲ್ಲ ಲೆಕ್ಕ ಇಡಲಾರೆ ಅನ್ನುವವರಿಗೆ ಪ್ರಶ್ನೆ–ಉತ್ತರದ ಕಾರ್ಡುಗಳನ್ನು ತೋರಿಸಿ ಅಭ್ಯಾಸ ಮಾಡಿಸುವ ಆಂಕಿಡ್ರಾಯ್ಡ್ ಆ್ಯಪ್ ಇದೆ, ಉಚಿತ. ಉತ್ತರವನ್ನು ಒತ್ತಿ ಬರೆಯುವ ಬಗೆಯ ಕಾರ್ಡು ಆರಿಸಿ, ಮುಂದಿನ ಮುಖಕ್ಕೆ ಧ್ವನಿ ಅಥವಾ ಅರ್ಥ, ಹಿಂದಕ್ಕೆ ಪದ ಹಾಕಿ. ತಪ್ಪಿದ್ದನ್ನು ಬೇಗ, ಸರಿಯಾದದ್ದನ್ನು ತಡವಾಗಿ ಅದೇ ಮತ್ತೆ ಕೇಳುತ್ತದೆ. ದಿನಕ್ಕೆ ಹೊಸ ಕಾರ್ಡು 20 ಎಂದಿರುತ್ತದೆ, 5ಕ್ಕೆ ಇಳಿಸಿ. ಇಲ್ಲದಿದ್ದರೆ ವಾರದೊಳಗೆ ಬಾಕಿ ಬೆಟ್ಟವಾಗಿ ಆ್ಯಪ್ ತೆರೆಯಲೇ ಬೇಸರವಾಗುತ್ತದೆ.

ಹೊತ್ತಿಗೆ ತಕ್ಕ ಹಾಗೆ

ಮೂರು ನಿಮಿಷ ಸಿಕ್ಕರೆ ಐದು ಪದ ಸಾಕು. ಹತ್ತು ಹದಿನೈದು ನಿಮಿಷಕ್ಕೆ ಒಂದು ಉಕ್ತಲೇಖನ, ತಿದ್ದುಪಡಿ ಸೇರಿ. ರೈಲು ಗಂಟೆ ತಡ ಎಂದು ಗೊತ್ತಾದರೆ ಉಕ್ತಲೇಖನದ ಆ ಪದಗಳನ್ನೇ ಬಳಸಿ ಆರೇಳು ವಾಕ್ಯದ ಪತ್ರ ಬರೆಯಿರಿ. ಬಿಡಿ ಪದದಲ್ಲಿ ಸರಿ ಬರೆದವರೂ ವಾಕ್ಯದ ಓಟದಲ್ಲಿ ತಪ್ಪುತ್ತಾರೆ. ಕಾಗದದ ಪರೀಕ್ಷೆ ಬರೆಯುವವರು ವಾರದಲ್ಲಿ ಎರಡು ದಿನ ಬೆರಳಿನಲ್ಲಿ ಬರೆಯುವ ಕೀಲಿಮಣೆಗೆ ಬದಲಿಸಿಕೊಳ್ಳಿ, ಆಗಲೂ ಸಲಹೆಯ ಪಟ್ಟಿಯ ಕಡೆ ಕಣ್ಣು ಹಾಯಿಸದೆ.

ಫೋನಿನ ಚಾರ್ಜು ಕಡಿಮೆಯಿದ್ದರೆ ಸುತ್ತಲಿನ ಬೋರ್ಡುಗಳಿವೆ. ‘ನಿಷೇಧಿಸಲಾಗಿದೆ’ ಎಂಬುದನ್ನು ಗೋಡೆಗಳ ಮೇಲೆ ಸರಿಯಾಗಿ ಬರೆದಿರುವುದು ಅಪರೂಪ. ಒಂದು ಫೋಟೋ ತೆಗೆದು, ಮನೆಗೆ ಹೋಗಿ ತಿದ್ದಿ. ಜೊತೆಯಲ್ಲಿ ಮಕ್ಕಳಿದ್ದರೆ ಯಾರಿಗೆ ಮೊದಲು ತಪ್ಪು ಕಾಣುತ್ತದೆ ಎಂಬ ಆಟವೂ ಆಗುತ್ತದೆ.

ಇಯರ್‌ಫೋನು ಒಂದೇ ಕಿವಿಗಿರಲಿ. ಎರಡೂ ಕಿವಿಗೆ ಹಾಕಿ ‘ಕವಯಿತ್ರಿ’ಯನ್ನು ಒತ್ತುತ್ತಾ ಕೂತರೆ 47ನ್ನು ಕರೆದಿದ್ದು ಕೇಳಿಸುವುದಿಲ್ಲ, 48ರವರು ಎದ್ದು ಒಳಗೆ ಹೋಗಿಬಿಟ್ಟಿರುತ್ತಾರೆ.