ನಿಟಿನಾಲ್ ತಂತಿಯಿಂದ ಸ್ವಿಚ್ ಒತ್ತಿಸುವುದು ಹೀಗೆ

ನಿಟಿನಾಲ್ ಅಂದರೆ ನಿಕ್ಕಲ್, ಟೈಟಾನಿಯಂ ಸೇರಿದ ಲೋಹ. ತಣ್ಣಗಿದ್ದಾಗ ಎಳೆದರೆ ಸ್ವಲ್ಪ ಉದ್ದ ಆಗುತ್ತದೆ, ಬಿಸಿಯಾದರೆ ಮೊದಲಿನ ಅಳತೆಗೆ ಮರಳುತ್ತದೆ. ಲ್ಯಾಬಿನಲ್ಲಿ ನಮ್ಮ ಡಿಪ್ಲೊಮಾ ಮಕ್ಕಳಿಗೆ ರಿಲೇ (ಕಾಯಿಲ್‌ನ ಅಯಸ್ಕಾಂತದಿಂದ ನಡೆಯುವ ಸ್ವಿಚ್) ಕಲಿಸಿದ ಮೇಲೆ ನಾನು ಇದನ್ನು ಮಾಡಿಸುತ್ತೇನೆ. ಕಾಯಿಲ್ ಇಲ್ಲ, ಮೋಟರ್ ಇಲ್ಲ, ಕೂದಲಿನಂಥ ತಂತಿಯೊಂದೇ ಸ್ವಿಚ್ ಒತ್ತುತ್ತದೆ. ನೋಡೋದೇ ಒಂದು ಖುಷಿ.

0.15 ಮಿ.ಮೀ. ದಪ್ಪದ, 70 ಡಿಗ್ರಿಯ (ಅಂದರೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಕುಗ್ಗುವ) ತಂತಿ 10 ಸೆಂ.ಮೀ. ತಗೊಳ್ಳಿ. ಹೀಗೆ ಕುಗ್ಗಿ ಎಳೆಯಲೆಂದೇ ಪಳಗಿಸಿ ಮಾರುವ ಆಕ್ಚುಯೇಟರ್ ತಂತಿಯೇ ಬೇಕು. ಇದು ಸುಮಾರು 4 ಮಿ.ಮೀ. ಕುಗ್ಗುತ್ತದೆ, 300 ಗ್ರಾಂನಷ್ಟು ಎಳೆಯುತ್ತದೆ. ಲಿವರ್ ಇರುವ ಮೈಕ್ರೋಸ್ವಿಚ್‌ಗೆ (ಸ್ವಲ್ಪ ಒತ್ತಿದರೂ ಟಕ್ ಅನ್ನುವ ಸಣ್ಣ ಸ್ವಿಚ್) ಇಷ್ಟು ಸಾಕು.

ತುದಿಗಳಿಗೆ ಬೆಸುಗೆ ಹಾಕಲು ಹೋಗಬೇಡಿ. ಮೇಲಿನ ಆಕ್ಸೈಡ್ ಪದರಕ್ಕೆ ಸೀಸ ಹಿಡಿಯಲ್ಲ, ಜಾಸ್ತಿ ಬಿಸಿಗೆ ತಂತಿಯ ಗುಣವೂ ಕೆಡುತ್ತದೆ. ತುದಿಯನ್ನು ಮಡಚಿ, ತಾಮ್ರದ ಎಳೆಯೊಂದನ್ನು ಜೊತೆಗಿಟ್ಟು, ಸಣ್ಣ ಲಗ್‌ನಲ್ಲಿ (ತಂತಿಯ ತುದಿಗೆ ಹಾಕುವ ಲೋಹದ ತುಣುಕು) ಕ್ರಿಂಪ್ ಮಾಡಿ, ಅಂದರೆ ಇಕ್ಕಳದಿಂದ ಒತ್ತಿ ಬಿಗಿ ಮಾಡಿ. ಆಮೇಲೆ ಬೆರಳಲ್ಲಿ ಎಳೆದು ನೋಡಿ. ಕೂದಲೆಳೆಯಷ್ಟು ಜಾರಿದರೂ ಅದನ್ನು ಕತ್ತರಿಸಿ ಮತ್ತೆ ಮಾಡಿ. 4 ಮಿ.ಮೀ.ನಲ್ಲಿ 1 ಮಿ.ಮೀ. ಹೋದರೆ ಸ್ವಿಚ್ ಒತ್ತುವುದೇ ಇಲ್ಲ.

ಒಂದು ತುದಿಯನ್ನು ಬೇಕಲೈಟ್ ಹಲಗೆಗೆ ಸ್ಕ್ರೂ ಮಾಡಿ. ಇನ್ನೊಂದನ್ನು ಮೊಳೆಯ ಮೇಲೆ ತಿರುಗುವ ಸಣ್ಣ ಪಟ್ಟಿಗೆ ಸೇರಿಸಿ. ತಂತಿ ಎಳೆದಾಗ ಆ ಪಟ್ಟಿಯೇ ಮೈಕ್ರೋಸ್ವಿಚ್‌ನ ಲಿವರ್ ಒತ್ತಬೇಕು. ಪಟ್ಟಿಯ ಎದುರು ದಿಕ್ಕಿಗೆ ಒಂದು ಸ್ಪ್ರಿಂಗ್ ಕಟ್ಟಿ. ಎಲ್ಲರೂ ಮರೆಯುವುದು ಇದನ್ನೇ! ತಂತಿ ಎಳೆಯಬಲ್ಲದು, ತಾನಾಗಿ ಹಿಂದಕ್ಕೆ ತಳ್ಳಲಾರದು. ತಣ್ಣಗಾದಾಗ ಅದನ್ನು ಮತ್ತೆ ಉದ್ದ ಮಾಡಲು ಸುಮಾರು 125 ಗ್ರಾಂ ಎಳೆತ ಬೇಕು. ಅಷ್ಟೇ ತೂಕ ನೇತುಹಾಕಿ ಸ್ಪ್ರಿಂಗ್ ಆರಿಸಿಕೊಳ್ಳಿ.

ಈ ತಂತಿಯ ರೆಸಿಸ್ಟೆನ್ಸ್ ಸುಮಾರು 5.5 ಓಮ್. ಎರಡು ಎಎ ಸೆಲ್, ಸಾಲಿನಲ್ಲಿ 2.2 ಓಮ್, 1 ವ್ಯಾಟ್ ರೆಸಿಸ್ಟರ್, ಒಂದು ಪುಶ್ ಬಟನ್ ಹಾಕಿದರೆ 0.4 ಆಂಪಿಯರ್ ಹತ್ತಿರ ಹರಿಯುತ್ತದೆ. ಒಂದು ಸೆಕೆಂಡಿನಲ್ಲಿ ತಂತಿ ಕುಗ್ಗುತ್ತದೆ. ಸ್ವಿಚ್ ಟಕ್ ಅಂದ ತಕ್ಷಣ ಬಟನ್ ಬಿಡಿ. ಒತ್ತಿಕೊಂಡೇ ಇದ್ದರೆ ತಂತಿ ಸುಟ್ಟು ಸತ್ವ ಕಳೆದುಕೊಳ್ಳುತ್ತದೆ. ಸಡಿಲವಾಗಲು ಎರಡು ಸೆಕೆಂಡು ಬೇಕು, ಅಲ್ಲಿಯವರೆಗೆ ಮತ್ತೆ ಒತ್ತಬೇಡಿ.

ಮೈಕ್ರೋಸ್ವಿಚ್‌ನಲ್ಲಿ 12 ವೋಲ್ಟಿನ ದೀಪ ಮಾತ್ರ ಹಾಕಿ. ತಂತಿಯಲ್ಲೇ ಕರೆಂಟ್ ಇರುತ್ತದೆ, ಹಾಗಾಗಿ ಮನೆಯ 230 ವೋಲ್ಟ್ ಹತ್ತಿರ ತರಲೇಬೇಡಿ.

ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡುವುದಾದರೆ 90 ಡಿಗ್ರಿಯ ತಂತಿ ಕೊಳ್ಳಿ. ಸುತ್ತಲಿನ ಗಾಳಿ 50 ಡಿಗ್ರಿ ಇದ್ದರೆ 70ರ ತಂತಿ ಪೂರ್ತಿ ಸಡಿಲವಾಗಲ್ಲ. ಕಲಬುರಗಿ, ರಾಯಚೂರಿನವರು ಇದನ್ನು ಮೊದಲೇ ನೋಡಿಕೊಳ್ಳಿ.