ಲೀಟರಿಗೆ ಐದು ರೂಪಾಯಿಯ ಲೆಕ್ಕದಿಂದ ಜೀವನಾಂಶ ಪಡೆದದ್ದು: ನನ್ನ ಅನುಭವ

ಮಂಡ್ಯದಲ್ಲಿ ವಿಚ್ಛೇದನದ ಮೊಕದ್ದಮೆಗಳಲ್ಲಿ ಹೆಂಡತಿಯ ಪರ ಜೀವನಾಂಶ ಕೇಳುವ ನನ್ನಂಥ ವಕೀಲರಿಗೆಲ್ಲ ಈ ತೊಡಕು ಪರಿಚಿತ: ಗಂಡ ಬೇಸಾಯಗಾರ, ಆದಾಯ ತೆರಿಗೆಯ ದಾಖಲೆಯಿಲ್ಲ, ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದೆ. ಸಂಬಳದಾರನಾಗಿದ್ದರೆ ಸುಪ್ರೀಂ ಕೋರ್ಟಿನ 2017ರ ಕಲ್ಯಾಣ್ ಡೇ ಚೌಧರಿ ತೀರ್ಪು ಹೇಳಿದ, ಗಂಡನ ನಿವ್ವಳ ಸಂಬಳದ ಶೇ. 25ರ ಅಳತೆಯನ್ನಾದರೂ ಮುಂದಿಡಬಹುದಿತ್ತು.

ಮೊದಲೆರಡು ಪ್ರಕರಣಗಳಲ್ಲಿ ನಾನು ಸೋತೆ. ಒಂದರಲ್ಲಿ ಪಹಣಿಯನ್ನಷ್ಟೇ ನಂಬಿ ತಿಂಗಳಿಗೆ 2,500 ರೂಪಾಯಿಗೆ ತೃಪ್ತಿಪಡಬೇಕಾಯಿತು. ಇನ್ನೊಂದರಲ್ಲಿ ಹೊಸ ಬೈಕಿನ ಚಿತ್ರ ಹಾಜರುಪಡಿಸಿದರೆ, ಎದುರು ಪಕ್ಷದವರು ಅದರ ಸಾಲದ ಕಂತನ್ನೇ ಗಂಡನ ಹೊರೆಯೆಂದು ತೋರಿಸಿದರು. ಆಲೆಮನೆಯ ಬೆಲ್ಲದ ಲೆಕ್ಕ ಹಿಡಿಯಲು ಎರಡು ತಿಂಗಳು ಅಲೆದೆ. ಒಂದು ಚೀಟಿಯೂ ಸಿಗಲಿಲ್ಲ. "ಬೇಸಾಯಗಾರನ ವರಮಾನ ಕೋರ್ಟಿಗೆ ಕಾಣುವುದಿಲ್ಲ, ಬಿಡಮ್ಮ" ಎಂದರು ಹಿರಿಯರೊಬ್ಬರು.

ಮೂರನೆಯದರಲ್ಲಿ, ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೃಷಿಕರಿಗೆಂದೇ ನಿಗದಿಪಡಿಸಿದ, ಆಸ್ತಿ-ವರಮಾನ ಘೋಷಿಸುವ ಪ್ರಮಾಣಪತ್ರದ (ಅಫಿಡವಿಟ್) ನಮೂನೆಯಲ್ಲಿ ಜಾನುವಾರುಗಳ ಅಂಕಣವಿರುವುದನ್ನು ಹಿಡಿದು ಹೊರಟೆ. ಗಂಡ ಅದರಲ್ಲಿ ತನಗೆ ದನವೇ ಇಲ್ಲ, ಕೂಲಿಯಿಂದ ತಿಂಗಳಿಗೆ 8,000 ಬರುತ್ತದೆ ಎಂದು ಬರೆದಿದ್ದ. ಆದರೆ ಸಹಕಾರಿ ಡೇರಿಗೆ ಹಾಲು ಹಾಕುವವರಿಗೆ ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನ ನೇರವಾಗಿ ಬ್ಯಾಂಕ್ ಖಾತೆಗೇ ಬರುತ್ತದೆ. ಆದೇಶ ಪಡೆದು ಖಾತೆಯ ವಿವರ ತರಿಸಿ ನೋಡಿದಾಗ ಜಮೆಯಾದ ಮೊತ್ತ ತಿಂಗಳಿಗೆ ಸರಾಸರಿ 3,000ದಷ್ಟಿತ್ತು; ಐದರಿಂದ ಭಾಗಿಸಿದರೆ 600 ಲೀಟರ್, ಅಂದರೆ ದಿನಕ್ಕೆ 20 ಲೀಟರ್ ಹಾಲು. ಪ್ರೋತ್ಸಾಹಧನ ತಿಂಗಳುಗಟ್ಟಲೆ ತಡವಾಗಿ ಒಟ್ಟಿಗೆ ಬೀಳುವುದರಿಂದ ಒಂದು ವರ್ಷದ ಮೊತ್ತವನ್ನು ಹಿಡಿಯಲೇಬೇಕು. ಒಂದೇ ತಿಂಗಳ ಲೆಕ್ಕ ಕೊಟ್ಟು ನಾನು ಒಮ್ಮೆ ಪೇಚಿಗೆ ಸಿಲುಕಿದ್ದೆ. ಮೇವು, ಹಿಂಡಿಯ ಖರ್ಚನ್ನು ನಾನೇ ಮೊದಲು ಕಳೆದು ತೋರಿಸಿದ್ದು ನ್ಯಾಯಾಲಯಕ್ಕೆ ನಂಬಿಕೆ ತಂದಿತೆಂದು ಭಾವಿಸುತ್ತೇನೆ. ಕಬ್ಬು ಮಾರಿದ ಬಿಲ್‌ಗಳನ್ನು ತರಿಸಿದ ದಾರಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದೇ ಬಗೆಯ ಎರಡು ಅರ್ಜಿಗಳು ಇನ್ನೂ ಬಾಕಿಯಿವೆ.

ಹಾಲು, ಕಬ್ಬು ಸೇರಿ ತಿಂಗಳ ನಿವ್ವಳ ವರಮಾನ 22,000ದ ಆಸುಪಾಸಿಗೆ ಬಂತು. ಮೊಕದ್ದಮೆ ಮುಗಿಯುವವರೆಗಿನ ಜೀವನಾಂಶಕ್ಕಾಗಿ ಹಿಂದೂ ವಿವಾಹ ಕಾಯ್ದೆಯ ಕಲಂ 24ರ ಅಡಿಯಲ್ಲಿ ನಾವು ಕೇಳಿದ್ದು 10,000, ಸಿಕ್ಕಿದ್ದು 7,000. ಅದೂ ಅರ್ಜಿಯ ದಿನಾಂಕದಿಂದ, ಹೀಗಾಗಿ ಹಿಂಬಾಕಿಯೇ ಒಂದು ಲಕ್ಷ ದಾಟಿತು. ನಕಲು, ಓಡಾಟಕ್ಕೆ ನನ್ನ ಕೈಯಿಂದ ಹೋದದ್ದು ಸುಮಾರು 3,000. ಆತ ಈಗ ಹಾಲಿನ ಖಾತೆಯನ್ನು ತಾಯಿಯ ಹೆಸರಿಗೆ ಬದಲಾಯಿಸಿದ್ದಾನೆ. ಆದರೆ ಕಲಂ 25ರ ಶಾಶ್ವತ ಜೀವನಾಂಶದ ವಾದಕ್ಕೆ ಬೇಕಾದ ಹಳೆಯ ಜಮೆಗಳೆಲ್ಲ ಕಡತದಲ್ಲಿ ಭದ್ರವಾಗಿವೆ.